ನಡುವಿನ ಕೆಂಚು ಹೂವು

ಸತ್ತಳೋ, ಬಿಟ್ಟುಹೋದಳೋ ಎಂಬುದೇ ತಿಳಿಯದ ಹೆಂಗಸೊಬ್ಬಳ ಕಥೆಗೆ ಕೈಹಾಕುವುದು ಅಧಿಕಪ್ರಸಂಗವೇ ಸರಿ. ಅವಳ ಕಡೆಯವರು ಯಾರಾದರೂ ಓದಿದರೆ ಕ್ಷಮಿಸಬೇಕು.

1990ರ ಸುಮಾರಿನ ಮಾತು. ಅಮೆರಿಕದ ಒಹಾಯೊದ ಮಾರ್ಲಿಸ್ ಎರಡು ವರ್ಷದಿಂದ ತನ್ನ ಮುತ್ತಜ್ಜಿ ಫಿಲೂರಾಳನ್ನು ಹುಡುಕುತ್ತಿದ್ದಳು. 1870ರ ಜನಗಣತಿಯಲ್ಲಿ ಗಂಡ ಮತ್ತು ಪುಟ್ಟ ಮಗಳು ಆರ್ಫಾಳ ಜೊತೆ ಫಿಲೂರಾಳ ಹೆಸರಿತ್ತು. ಹತ್ತು ವರ್ಷದ ನಂತರದ ಗಣತಿಯಲ್ಲಿ ಇರಲಿಲ್ಲ. ಊರಿನ ಯಾವ ಸ್ಮಶಾನದಲ್ಲೂ ಅವಳ ಹೆಸರಿನ ಸಮಾಧಿಕಲ್ಲಿಲ್ಲ. ಮಗುವನ್ನು ಬಿಟ್ಟು ಪಶ್ಚಿಮದ ರೈಲು ಹತ್ತಿದಳು ಎಂದು ಊರವರು ಆಡಿಕೊಂಡದ್ದನ್ನು ಕೇಳುತ್ತಲೇ ಆರ್ಫಾ ಬೆಳೆದಳು, ಮುದುಕಿಯಾಗಿ ತೀರಿಕೊಂಡಳು. ಈಗ ಆರ್ಫಾಳ ಹಿರಿಮಗಳು ವರ್ನಾ, ಮಾರ್ಲಿಸ್‌ಗೆ ದೊಡ್ಡಮ್ಮ, ತೊಂಬತ್ತೈದು ದಾಟಿ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿದ್ದಳು. ಕಣ್ಣು ಮುಚ್ಚುವ ಮೊದಲು ಅವಳಿಗೆ ನಿಜ ತಿಳಿಯಬೇಕಿತ್ತು.

ಅವಳ ಮಂಚದ ಮೇಲ್ಗಡೆ ಗೋಡೆಗೆ ನೇತುಹಾಕಿದ ಗಾಜಿನ ಚೌಕಟ್ಟಿನೊಳಗೆ, ಆ ಕಾಲದ ರೂಢಿಯಂತೆ ಮನೆಯವರ ಕೂದಲನ್ನು ತಂತಿಗೆ ಸುತ್ತಿ ಹೂವು ಮಾಡಿ ಕಟ್ಟಿದ ಹಾರವೊಂದಿತ್ತು. ಫಿಲೂರಾಳ ಅತ್ತೆ ಕಟ್ಟಿದ್ದು. ಎಲ್ಲವೂ ಕಂದು, ಕಪ್ಪು. ನಡುವಿನದು ಮಾತ್ರ ಕೆಂಚು. ಆಗ ಆ ಮನೆಯಲ್ಲಿ ಕೆಂಚು ಕೂದಲಿದ್ದವಳು ಫಿಲೂರಾ ಒಬ್ಬಳೇ. ಇಂಥ ಹಾರದ ನಡುವಿನ ಜಾಗ ಮನೆಯಲ್ಲಿ ತೀರಾ ಈಚೆಗೆ ಸತ್ತವರದು ಎಂದು ಯಾರೋ ಹೇಳಿದ್ದೇ ತಡ, ಮಾರ್ಲಿಸ್ ಓಡಿಬಂದಳು.

"ದೊಡ್ಡಮ್ಮ, ಅವಳು ಸತ್ತಿದ್ಳು!"

"ಸಾವಿನ ಸುದ್ದೀನ ಇಷ್ಟು ಖುಷಿಯಾಗಿ ತಂದೋಳು ನೀನೊಬ್ಳೇ ಕಣೇ," ಎಂದು ವರ್ನಾ ನಕ್ಕಳು. ಆಮೇಲೆ ಅತ್ತಳು. "ನನ್ ಕೂದ್ಲೂ ಕೆಂಚಗಿತ್ತು. ಅಮ್ಮ ಒಂದಿನಾನೂ ಬಾಚ್ಲಿಲ್ಲ. ಬಿಟ್ಟುಹೋದೋಳ ತಲೆ ಅಂತಿದ್ಲು. ಹಾಗಾದ್ರೆ ಬಿಟ್ಟುಹೋಗ್ಲಿಲ್ಲ, ಅಲ್ವಾ?"

ಮರುವಾರ ಮಾರ್ಲಿಸ್, ಖಚಿತಪಡಿಸಿಕೊಳ್ಳೋಣ ಎಂದು, ಹಾರದ ಫೋಟೋವನ್ನು ವಸ್ತುಸಂಗ್ರಹಾಲಯಕ್ಕೆ ಒಯ್ದಳು.

"ಸತ್ತೋರದ್ದೇ ಅಂತ ಯಾರಮ್ಮ ಹೇಳಿದ್ದು?" ಎಂದಳು ಅಲ್ಲಿದ್ದ ಹೆಂಗಸು. "ಬದುಕಿದ್ದೋರದ್ದೂ ಸೇರಿಸ್ತಿದ್ರು. ದೂರ ಹೋಗೋರು ನೆನಪಿಗೆ ಅಂತ ಒಂದು ಎಳೆ ಕತ್ತರಿಸಿ ಕೊಟ್ಟು ಹೋಗ್ತಿದ್ರು."

ಮಾರ್ಲಿಸ್ ಕಾರು ಹತ್ತಿ ವೃದ್ಧಾಶ್ರಮಕ್ಕೆ ಬಂದಳು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ವರ್ನಾ ಚೌಕಟ್ಟನ್ನು ದಾದಿಯ ಕೈಲಿ ಇಳಿಸಿ ಎದೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. "ಇನ್ನೊಂದ್ಸಲ ಹೇಳೇ."

ಮಾರ್ಲಿಸ್ ತಡವರಿಸುತ್ತ ನಿಜವನ್ನೇ ಹೇಳಿದಳು.

"ಅಂದ್ರೆ, ತಿರುಗಿ ಬರಲ್ಲ ಅಂತ ಗೊತ್ತಿದ್ದೇ ಕೊಟ್ಟು ಹೋದ್ಲು."

"ಹಾಗೆ ಅಂತಾನೂ ಹೇಳೋಕಾಗಲ್ಲ ದೊಡ್ಡಮ್ಮ."

"ಮತ್ತೆ ಏನು ಹೇಳೋಕಾಗುತ್ತೆ ನಿನ್ ಕೈಲಿ?"

ವರ್ನಾ ಚೌಕಟ್ಟನ್ನು ಅವಳತ್ತ ಚಾಚಿದಳು.

"ನೇತುಹಾಕು ಅದನ್ನ. ಮುಖ ಗೋಡೆ ಕಡೆಗಿರ್ಲಿ."

ಹಾಗೇ ಹಾಕಿದಳು. ವಸಂತಕ್ಕೆ ಮೊದಲೇ ವರ್ನಾ ತೀರಿಕೊಂಡಳು. ಚೌಕಟ್ಟು ಈಗ ಮಾರ್ಲಿಸ್ ಮನೆಯಲ್ಲಿದೆ. ಆ ಕೆಂಚು ಎಳೆಯನ್ನು ಫಿಲೂರಾ ತಾನೇ ಕತ್ತರಿಸಿ ಕೊಟ್ಟಳೋ, ಅವಳ ಹೆಣದ ತಲೆಯಿಂದ ಅತ್ತೆ ಕತ್ತರಿಸಿಕೊಂಡಳೋ, ಇವತ್ತಿಗೂ ಗೊತ್ತಿಲ್ಲ.