ನಲವತ್ತೇಳನೇ ನಂಬರಿನ ಕಾರ್ಡು

ಪಾರ್ವತಮ್ಮನಿಗೆ ಮೇಲಿನ ಸಾಲಿನಲ್ಲಿ ಒಂದು ಹಲ್ಲೂ ಇರಲಿಲ್ಲ. ಎರಡು ತಿಂಗಳ ಹಿಂದೆ ತಾಲ್ಲೂಕು ಆಸ್ಪತ್ರೆಯಲ್ಲಿ ಇದ್ದಬದ್ದವನ್ನೆಲ್ಲ ಕೀಳಿಸಿಕೊಂಡಿದ್ದಳು. ವಸಡು ಈಗ ಮಾಗಿತ್ತು. ಶ್ರೀರಂಗಪಟ್ಟಣದ ಹಲ್ಲಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಗಂಡ ಬೋರಯ್ಯ. ವಿಮೆಯ ಕಾರ್ಡನ್ನು ಕೌಂಟರಿಗೆ ಕೊಟ್ಟು ಅರ್ಧ ಗಂಟೆಯಾಗಿತ್ತು.

ಅರಕೆರೆ ಬಸ್ಸಿನಲ್ಲಿ ಬರುವಾಗ ಕಂಡಕ್ಟರು, "ಅಜ್ಜಿ, ಆಧಾರ್ ತೋರ್ಸಿ" ಅಂದಿದ್ದ. ಅವನಿಗೂ ಐವತ್ತರ ಹತ್ತಿರ. ಪಾರ್ವತಮ್ಮನಿಗೆ ನಲವತ್ತೊಂಬತ್ತು.

"ಅಜ್ಜಿಯಂತೆ. ಕೇಳುಸ್ತಾ ನಿಮ್ಗೆ?"

"ಇನ್ನೊಂದು ವಾರ ತಡ್ಕೊ ಅಮ್ಮಿ. ಸೆಟ್ಟು ಆಕುಸ್ಕಂಡು ಅದೇ ಬಸ್ಸತ್ತಿ ಅವ್ನಿಗೆ ಅಲ್ಲು ಕಿಸ್ದು ತೋರ್ಸು," ಎಂದ ಬೋರಯ್ಯ.

ಸರ್ಕಾರದ ಕಾರ್ಡು ಅವರ ಹತ್ತಿರ ಮೊದಲೇ ಇತ್ತು. ಪಾರ್ವತಮ್ಮನ ಗರ್ಭಕೋಶದ ಆಪರೇಷನ್ ಅದರಲ್ಲೇ ಆಗಿತ್ತು. ಆದರೆ ಕಟ್ಟಿಸುವ ಹಲ್ಲಿಗೆ, ಕನ್ನಡಕಕ್ಕೆ, ಕಿವಿಯ ಮಿಷನ್ನಿಗೆ ಅದು ನಡೆಯುತ್ತಿರಲಿಲ್ಲ. ಎರಡೂವರೆ ವರ್ಷದ ಕೆಳಗೆ ಊರಿನ ಡೈರಿಯ ಸೆಕ್ರೆಟರಿ ತಿಮ್ಮರಾಜು, ಇವಕ್ಕೆಲ್ಲ ಬೇರೆಯದೊಂದು ವಿಮೆ ಬಂದಿದೆ, ಹಾಲಿನ ಬಿಲ್ಲಿನಲ್ಲೇ ಹಿಡಿದುಕೊಳ್ಳುತ್ತೇವೆ, ಎರಡು ವರ್ಷ ತುಂಬಿದ ಮೇಲೆ ಹಲ್ಲಿನ ಸೆಟ್ಟೂ ಸಿಗುತ್ತದೆ ಎಂದಿದ್ದ. ಆಗಲೇ ಪಾರ್ವತಮ್ಮನಿಗೆ ಮೇಲಿನ ನಾಲ್ಕು ಹಲ್ಲು ಬಿದ್ದಿದ್ದವು.

"ಮುದ್ದೆ ನುಂಗಕೆ ಅಲ್ಲು ಯಾಕಮ್ಮಿ?" ಎಂದಿದ್ದ ಬೋರಯ್ಯ.

"ನಿಮ್ಗೆ ಮೀಸೆ ಯಾಕೆ? ಮುದ್ದೆ ನುಂಗಕಾ?"

ಅವನು ನಕ್ಕು ಒಪ್ಪಿದ್ದ. ಎರಡು ವರ್ಷ ಅವಳು ಅವರೆಕಾಳು ತಿನ್ನಲಿಲ್ಲ, ಮಾಂಸ ತಿನ್ನಲಿಲ್ಲ, ಬಾಯಿಬಿಟ್ಟು ನಗಲಿಲ್ಲ. ಕಾದಳು.

ಗಡುವು ತುಂಬಿದ ಮೇಲೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮ ಬಾಯಿಗೆ ಲೈಟು ಬಿಟ್ಟು ನೋಡಿದ್ದರು. "ಏಳು ಅಲ್ಲಾಡ್ತಿವೆ, ತೆಗೀಬೇಕು. ಮೂರು ಗಟ್ಟಿ ಇವೆಯಲ್ಲಮ್ಮ, ಅವು ಇರಲಿ."

"ನಮ್ ಕಾರ್ಡಲ್ಲಿ ಪೂರ್ತಿ ಸೆಟ್ಟಾದ್ರೇ ಕೊಡಾದಂತೆ ಮೇಡಮ್ಮು. ಅರ್ದಂಬರ್ದ ಕೊಡಕಿಲ್ವಂತೆ. ಕಿತ್ತಾಕ್ಬುಡಿ."

"ಯೋಚನೆ ಮಾಡಿ. ಕಿತ್ತ ಮೇಲೆ ಮತ್ತೆ ನೆಡಕ್ಕಾಗಲ್ಲ."

"ಮಾಡಿವ್ನಿ," ಎಂದಿದ್ದಳು.

ಮೂರು ಸಲ ಹೋಗಿ ಹತ್ತನ್ನೂ ತೆಗೆಸಿಕೊಂಡಳು. ಚಿಕ್ಕವಳಿದ್ದಾಗ ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆದಿದ್ದಳು. ಈಗ ಎಸೆಯಲು ನಾಚಿಕೆ, ಆಸ್ಪತ್ರೆಯ ಕಸಕ್ಕೆ ಬಿಡಲು ಮನಸ್ಸಿಲ್ಲ. ಕೇಳಿ ಹತ್ತಿಯಲ್ಲಿ ಸುತ್ತಿಸಿಕೊಂಡು ಬಂದು, ಖಾಲಿ ಇಂಗಿನ ಡಬ್ಬಿಯಲ್ಲಿ ಹಾಕಿಟ್ಟಿದ್ದಳು.

"ಚಿಕ್ಕಬೋರಮ್ಮ!" ಕೌಂಟರಿನ ಹುಡುಗಿ ಕೂಗಿದಳು.

"ಬಂದೆ," ಎಂದು ಪಾರ್ವತಮ್ಮ ಎದ್ದಳು.

ಚಿಕ್ಕಬೋರಮ್ಮ ಅವಳ ಅತ್ತೆ. ಸತ್ತು ಒಂಬತ್ತು ವರ್ಷವಾಗಿತ್ತು. ಡೈರಿಯ ನಲವತ್ತೇಳನೇ ನಂಬರು ಮಾತ್ರ ಇನ್ನೂ ಅವಳ ಹೆಸರಿನಲ್ಲೇ ಇತ್ತು. ಮುದುಕಿಯ ತಿಥಿಯ ದಿನವೇ ಹಸು ಹೆಣ್ಣುಗರು ಹಾಕಿತ್ತು. ಹೆಸರು ಬದಲಾಯಿಸಿಕೊಳ್ಳಿ ಎಂದು ತಿಮ್ಮರಾಜು ಹೇಳಿದಾಗ ಬೇಡವೆಂದವಳು ಪಾರ್ವತಮ್ಮನೇ. "ಅತ್ತೆ ಎಸ್ರಲ್ಲಿ ಕೊಟ್ಗೆ ತುಂಬೈತೆ. ಅಂಗೇ ಇರ್ಲಿ ಬುಡಣ್ಣ." ಅವನೂ ಬಿಟ್ಟ. ಆ ಡೈರಿಗೆ ಹಾಗೆ ಹಾಲು ಹಾಕುವ ಸತ್ತವರು ಇನ್ನೂ ಏಳೆಂಟು ಮಂದಿ ಇದ್ದರು. ದಿನಾ ಎರಡು ಹೊತ್ತು ಆ ಹೆಸರು ಕೂಗಿದಾಗ ಪಾರ್ವತಮ್ಮ "ಬಂದೆ" ಎನ್ನುತ್ತಿದ್ದಳು. ಸಾಲಿನಲ್ಲಿದ್ದ ಅಣ್ಣಮ್ಮ, "ಎದ್ಬಂದ್ಲು ನೋಡ್ರವ್ವ ಚಿಕ್ಕಬೋರವ್ವ, ಗುಂಡಿಯಿಂದ" ಎಂದು ನಗಿಸುತ್ತಿದ್ದಳು. ಬೋನಸ್ಸು, ಬೂಸದ ಮೂಟೆ, ಸ್ಟೀಲು ಕ್ಯಾನು ಎಲ್ಲವೂ ಆ ಹೆಸರಿಗೇ ಬರುತ್ತಿದ್ದವು. ಕಾರ್ಡೂ ಆ ಹೆಸರಿಗೇ ಬಂತು. ಪಾರ್ವತಮ್ಮ ಅದನ್ನು ಓದಿಯೇ ಎತ್ತಿಟ್ಟಿದ್ದಳು. ತಪ್ಪು ಅನ್ನಿಸಿರಲಿಲ್ಲ.

ಹುಡುಗಿ ಕಾರ್ಡು ನೋಡಿದಳು, ಮುಖ ನೋಡಿದಳು. ಎದೆಯ ಮೇಲಿನ ಬಿಲ್ಲೆಯಲ್ಲಿ ಸ್ನೇಹ ಎಂದಿತ್ತು.

"ಇದ್ರಲ್ಲಿ ಎಂಬತ್ಮೂರು ವರ್ಷ ಅಂತಿದೆ?"

ಬೋರಯ್ಯ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ. "ಸುಮ್ನಿರು. ಅಲ್ಲು ಇಲ್ದ ಮೊಕ, ನಂಬ್ತಾರೆ."

"ಹೆಬ್ಬೆಟ್ಟು ಇಡಿ," ಎಂದು ಹುಡುಗಿ ಚಿಕ್ಕ ಮಿಷನ್ನು ಮುಂದೆ ತಳ್ಳಿದಳು. ಪಾರ್ವತಮ್ಮ ಹೆಬ್ಬೆಟ್ಟು ಇಟ್ಟಳು. ಕೆಂಪು ದೀಪ ಹತ್ತಿತು. ಸೆರಗಿಗೆ ಒರೆಸಿ ಇನ್ನೊಮ್ಮೆ ಇಟ್ಟಳು. ಮತ್ತೆ ಕೆಂಪು.

"ನಿಮ್ಮ ಹೆಸರೇನಮ್ಮ?"

"ಪಾರ್ವತಮ್ಮ."

"ಚಿಕ್ಕಬೋರಮ್ಮ ಯಾರು?"

"ನಮ್ಮತ್ತೆ."

"ಹಾಗಾದ್ರೆ ಅವರನ್ನ ಕರ್ಕೊಂಡ್ಬನ್ನಿ. ಅವರಿಗಾದ್ರೆ ಮಾಡಿಕೊಡ್ತೀವಿ."

ಬೋರಯ್ಯ ಗೋಡೆಯ ಮೇಲಿನ ದವಡೆಯ ಚಿತ್ರ ನೋಡುತ್ತ ನಿಂತ. "ಅವ್ವ ಓಗಿ ಒಂಬತ್ತೊರ್ಸ ಆಯ್ತು ಕನವ್ವ."

ಹುಡುಗಿ ಕಾರ್ಡನ್ನು ಮೇಜಿನ ಮೇಲೆ ಇಟ್ಟಳು. ದನಿ ಇಳಿಸಿ ಹೇಳಿದಳು: "ಇದನ್ನ ಇನ್ನೆಲ್ಲೂ ತೋರಿಸ್ಬೇಡಿ. ಕೇಸಾಗುತ್ತೆ."

"ದುಡ್ಡು ಕೊಟ್ರೆ ಎಷ್ಟಾಯ್ತದೆ?" ಪಾರ್ವತಮ್ಮ ಕೇಳಿದಳು.

ಹುಡುಗಿ ಹೇಳಿದಳು. ಪಾರ್ವತಮ್ಮ ಗಂಡನ ಕಡೆ ತಿರುಗಿದಳು.

"ಯುಗಾದಿ ಕಳೀಲಿ," ಎಂದ ಬೋರಯ್ಯ. "ನೋಡಾನ."

ಬಚ್ಚಲಿಗೆ ಬಾಗಿಲು ಇಡಿಸುವುದಕ್ಕೂ, ಅವಳನ್ನು ಮೇಲುಕೋಟೆಗೆ ಕರೆದುಕೊಂಡು ಹೋಗುವುದಕ್ಕೂ ಅವನು "ನೋಡಾನ" ಎಂದಿದ್ದ. ಬಚ್ಚಲಿಗೆ ಈಗಲೂ ಗೋಣಿತಾಟು.

ಸಂಜೆ ಕ್ಯಾನು ಹಿಡಿದು ಡೈರಿಗೆ ಬೇಗ ಹೋದಳು. ತಿಮ್ಮರಾಜು ಹಾಲಿನ ಡಿಗ್ರಿ ನೋಡುವ ಮಿಷನ್ನು ಒರೆಸುತ್ತಿದ್ದ.

"ನಾನೇನ್ ಮಾಡ್ಲವ್ವ? ರಿಜಿಸ್ಟ್ರಲ್ಲಿ ಇದ್ದಂಗೆ ಬರ್ದು ಕಳುಸ್ದೆ. ಎಸ್ರು ಬದಲಾಯ್ಸು ಅಂತ ನಾನೇ ಬಡ್ಕೊಂಡಿರ್ಲಿಲ್ವಾ? ಓಗ್ಲಿ ಬುಡು, ನಾಳೀಕೇ ನಿನ್ನೆಸ್ರಿಗೆ ಒಸಾ ಕಾರ್ಡು ಮಾಡುಸ್ತೀನಿ."

"ಇನ್ನೆರಡು ವರ್ಸ ಕಾಯ್ಬೇಕಾ?"

ತಿಮ್ಮರಾಜು ಮೇಜಿನ ಖಾನೆಯಿಂದ ವಿಮೆಯ ಕಾಗದ ತೆಗೆದು, ಬೆರಳಿಟ್ಟು ಓದಿದ. ಓದಿ ಮುಗಿದ ಮೇಲೂ ಬೆರಳು ಅಲ್ಲೇ ಇತ್ತು.

"ಯೋಳಣ್ಣ."

"ಸೇರೋವಾಗ ಬಾಯಲ್ಲಿ ಇದ್ದ ಅಲ್ಲುಗಳ್ಗೆ ಮಾತ್ರ ಕೊಡಾದು ಅಂತ ಅದೆ. ಮೊದ್ಲೇ ಇಲ್ದಿದ್ದುಕ್ಕೆ ಇಲ್ಲ." ಕಾಗದ ಮಡಿಸಿದ. "ಕನ್ನಡ್ಕ ಬೇಕಾದ್ರೆ ಬತ್ತದೆ ಕನವ್ವ."

"ಕಣ್ಣು ಚೆನ್ನಾಗವೆ," ಎಂದಳು ಪಾರ್ವತಮ್ಮ.

ಅಷ್ಟರಲ್ಲಿ ಜನ ಸೇರಿದರು. ತಿಮ್ಮರಾಜು ಒಬ್ಬೊಬ್ಬರನ್ನೇ ಕೂಗಿದ. ನಲವತ್ತೇಳು ಬಂದಾಗ ಒಂದು ಗಳಿಗೆ ತಡೆದು, "ಚಿಕ್ಕಬೋರಮ್ಮ" ಎಂದ. ಪಾರ್ವತಮ್ಮ "ಬಂದೆ" ಎನ್ನಲಿಲ್ಲ. ಕ್ಯಾನು ಬಗ್ಗಿಸಿ ಹಾಲು ಸುರಿದಳು. ಅಣ್ಣಮ್ಮ ಅವಳ ಮುಖ ನೋಡಿ ತನ್ನ ಕ್ಯಾನು ಎತ್ತಿಕೊಂಡಳು.

ಮನೆಗೆ ಬಂದು ಕ್ಯಾನು ತೊಳೆದು ಬೋರಲು ಹಾಕಿದಳು. ಗೂಡಿನಿಂದ ಇಂಗಿನ ಡಬ್ಬಿ ತೆಗೆದು, ಅದರಲ್ಲಿದ್ದುದನ್ನು ಮೊರದ ಮೇಲೆ ಸುರಿದಳು. ಇಂಗಿನ ವಾಸನೆ ಇನ್ನೂ ಹೋಗಿರಲಿಲ್ಲ. ಕಾಳು ಆರಿಸುವವಳಂತೆ ಒಂದೊಂದನ್ನೇ ಬೆರಳಿನಿಂದ ಪಕ್ಕಕ್ಕೆ ಸರಿಸಿದಳು.

ಹತ್ತು ಹಲ್ಲು. ಏಳು ಅಲ್ಲಾಡುತ್ತಿದ್ದವು. ಮೂರು ಗಟ್ಟಿಯಾಗಿದ್ದವು.