ಏಣಿಯ ಬುಡ ಹಿಡಿದವನು

"ಆ ಕರಿನಾಯಿ ಏಣಿಗೆ ಗುದ್ದಿದ್ದಕ್ಕೇ ನೀನು ಬಿದ್ದಿದ್ದು ಭಾವ. ನಿನ್ನ ಎರಡೂ ನಾಯಿಗಳನ್ನ ಇವತ್ತೇ ಸಾಗಹಾಕು," ಎಂದು ಹೆಂಡತಿಯ ತಮ್ಮ ರೇಗಿದ.

ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಪೇಂಟರನಿಗೆ ಬಿದ್ದ ಗಳಿಗೆಯೇ ನೆನಪಿರಲಿಲ್ಲ. ನಾಯಿಗಳೆರಡೂ ಮಂಚದ ಕೆಳಗೆ ಗೊರಕೆ ಹೊಡೆಯುತ್ತಿದ್ದವು.

"ಬುಡ ಹಿಡ್ಕೊಂಡಿದ್ದೋನು ನೀನು. ಕೈ ಬಿಡೋ ಮುಂಚೆ 'ಬಿಡ್ತೀನಿ' ಅಂತ ಕೂಗಬೇಕು, ನಾನು 'ಹೂಂ' ಅನ್ನಬೇಕು. ಕೂಗಿದ್ಯೇನೋ?"

"ಕೂಗಿದೆ. ನೀನೇ ಹೂಂ ಅಂದೆ."

ಪೇಂಟರ್ ತಬ್ಬಿಬ್ಬಾದ. ಅಂದಿರಲೂಬಹುದು, ಬ್ರಷ್ ಕೈಯಲ್ಲಿದ್ದರೆ ಅವನು ಹೆಂಡತಿ ಏನು ಕೇಳಿದರೂ ಹೂಂ ಅನ್ನುವವನೇ.

"ನೀನು ಕೈ ಬಿಟ್ಟಿದ್ದು ನಿಜವಾದ್ರೆ, ತಪ್ಪು ನಾಯಿದು ಹೇಗಾಯ್ತು?"

ಭಾವಮೈದುನ ದಡಕ್ಕನೆ ಎದ್ದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಪ್ಲಾಸ್ಟರ್ ಬಿಚ್ಚಿದ ದಿನವೂ ಬರಲಿಲ್ಲ. ಸುಳ್ಳು ಸಿಕ್ಕಿಬಿತ್ತೆಂದು ಹೋದನೋ, ಅನುಮಾನಪಟ್ಟಿದ್ದಕ್ಕೆ ನೊಂದು ಹೋದನೋ, ಪೇಂಟರನಿಗೆ ಬಗೆಹರಿಯಲೇ ಇಲ್ಲ.