ಸೊಟ್ಟ ಮೂಗು

ಅಮಿಂತಾಸ್ ಬೊಂಬೆಯ ಮೂಗನ್ನು ಅರದಿಂದ ಉಜ್ಜಿದ. ಮೂಗು ಪೂರ್ತಿ ಕಿತ್ತು ಅವನ ತೊಡೆಯ ಮೇಲೆ ಬಿತ್ತು. ನಡುರಾತ್ರಿಯಿಂದ ಇದು ಮೂರನೆಯದು.

"ಅಪ್ಪಾ, ಅಮ್ಮನ್ನ ಗಾಡಿಗೆ ಏರಿಸಿ ಆಯ್ತು. ಇಲ್ಲೇನು ಮಾಡ್ತಾ ಕೂತಿದೀಯ?" ಮಗಳು ಕ್ಲಿಯರಿಸ್ತ ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮಮ್ಮನ ಮೂಗು ಮಾಡ್ತಿದೀನಿ. ಅವಳ ಗುಂಡಿಗೆ ಬೇರೆಯವಳ ಬೊಂಬೆ ಇಡಲ್ಲ ನಾನು."

ಗ್ರೀಕರ ಆ ತನಗ್ರ ಊರಲ್ಲಿ ಹೆಣದ ಜೊತೆ ಮಣ್ಣಿನ ಹೆಣ್ಣುಬೊಂಬೆ ಇಡದೆ ಗುಂಡಿ ಮುಚ್ಚುವವರಿಲ್ಲ. ಅಮಿಂತಾಸನ ಅಂಗಡಿಯಲ್ಲಿ ನೂರು ಬೊಂಬೆಗಳಿದ್ದವು. ಮುಖದ ಅಚ್ಚು ಮಾತ್ರ ಒಂದೇ: ನೆಟ್ಟ ಮೂಗು, ಪುಟ್ಟ ಬಾಯಿ. ಹೆಂಡತಿ ಪಿಥಿಲ್ಲಳ ಮೂಗು ಚಿಕ್ಕಂದಿನಲ್ಲೇ ಕತ್ತೆ ಒದ್ದು ಎಡಕ್ಕೆ ತಿರುಗಿತ್ತು. ಹೊಸದು ಮಾಡಿ, ಒಣಗಿಸಿ, ಸುಡಲು ವಾರ ಬೇಕು. ಹೆಣ ವಾರ ಕಾಯುವುದಿಲ್ಲ.

*

ಮೂವತ್ತು ವರ್ಷ ಅವನು ಅಚ್ಚು ಒತ್ತಿದ, ಅವಳು ಬಣ್ಣ ಬಳಿದಳು.

"ದಿನಾ ಇವಳಿಗೇ ಸಿಂಗಾರ. ನನ್ನ ಮುಖದ ಬೊಂಬೆ ಯಾವಾಗ ಮಾಡ್ತೀಯ?"

"ಆ ಮೂಗನ್ನ ಯಾರು ಕೊಂಡ್ಕೋತಾರೆ?"

"ನೀನು ಕಟ್ಕೊಂಡಿಲ್ವಾ?"

"ಸರಿ, ಬರೋ ಸಲ ಮಾಡ್ತೀನಿ. ನೀನು ಮೊದ್ಲು ಬೆನ್ನಿಗೆ ಬಣ್ಣ ಬಳಿಯೋದು ನಿಲ್ಸು. ಗೋಡೆಗೆ ಒರಗಿಸಿಡೋ ಬೊಂಬೆ, ಬೆನ್ನು ಯಾರು ನೋಡ್ತಾರೆ? ನೀಲಿ ಏನು ಹೊಳೇಲಿ ಹರಿದು ಬರುತ್ತಾ?"

ಆ ಬರೋ ಸಲ ಬರಲೇ ಇಲ್ಲ.

*

ಪಿಥಿಲ್ಲಳ ಗೆಳತಿ, ಪಕ್ಕದ ಮನೆಯ ಫಾನೊ, ಬಟ್ಟೆಯ ಗಂಟು ಹಿಡಿದು ಒಳಗೆ ಬಂದಳು.

"ಏಳಯ್ಯ. ಹೆಣದ ಗಾಡಿ ಮುಂದಿನ ಕೊಳಲಿನವನಿಗೆ ಊದಿ ಊದಿ ಕೆನ್ನೆ ಬಾತುಕೊಂಡಿದೆ. ತಗೋ ಇದನ್ನ."

ಗಂಟು ಬಿಚ್ಚಿದರೆ ಬೊಂಬೆ. ಮೂಗು ಎಡಕ್ಕೆ ತಿರುಗಿತ್ತು.

"ಇದು ನಂದಲ್ಲ."

"ನಿಂದೇ. ದ್ರಾಕ್ಷಾರಸದ ಹಬ್ಬದ ಮಾರನೇ ದಿನ ಅಮಲು ಇಳೀದೆ ಅಚ್ಚು ಬಿಡಿಸಿದೆಯಲ್ಲ? ಹಸಿ ಮೂಗಿಗೆ ಹೆಬ್ಬೆರಳು ಒತ್ತಿ, ಹಾಳಾಯ್ತು ಅಂತ ತಿಪ್ಪೆಗೆ ಎಸೆದೆ. ಅವಳು ಆಯ್ದು ತಂದು ನಿನ್ನ ಆವಿಗೇಲೇ ಸುಟ್ಳು. 'ಕೊನೆಗೂ ನನ್ನನ್ನ ಮಾಡ್ದ ಕಣೇ, ಅವನಿಗೇ ಗೊತ್ತಿಲ್ಲ' ಅಂತ ನಕ್ಕಿದ್ದೇ ನಕ್ಕಿದ್ದು. ನಿನ್ನ ಕಣ್ಣಿಗೆ ಬಿದ್ರೆ ಮತ್ತೆ ತಿಪ್ಪೆಗೇ ಅಂತ ನಮ್ಮನೇಲಿ ಇಟ್ಟಿದ್ಳು."

ಅಮಿಂತಾಸ್ ಬೊಂಬೆಯನ್ನು ತಿರುಗಿಸಿದ. ಬೆನ್ನ ತುಂಬ ದಟ್ಟ ನೀಲಿ, ಅಂಚಿಗೆ ಗುಲಾಬಿ.

"ಹಾಳಾದವಳು. ಅರ್ಧ ಕುಡಿಕೆ ನೀಲಿ ಇದಕ್ಕೇ ಸುರಿದಿದಾಳೆ," ಎಂದವನು ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟ. ಮಗಳೂ ನಕ್ಕಳು.

ಸ್ಮಶಾನದಲ್ಲಿ ಗುಂಡಿಗೆ ಅವನೇ ಇಳಿದ.

"ಮುಖ ಈ ಕಡೆ ಮಾಡಯ್ಯ, ಜನ ನೋಡ್ಲಿ," ಎಂದಳು ಫಾನೊ.

ಅವನು ಕೇಳಲಿಲ್ಲ. ಬೊಂಬೆಯನ್ನು ಹೆಂಡತಿಯ ಮುಖಕ್ಕೆ ಎದುರಾಗಿ, ಮೂಗಿಗೆ ಮೂಗು ಬರುವಂತೆ ನಿಲ್ಲಿಸಿ ಮೇಲೆ ಹತ್ತಿದ. ಬಗ್ಗಿ ನೋಡಿದವರಿಗೆಲ್ಲ ಕಂಡದ್ದು, ಎಳೆಬಿಸಿಲು ಬಿದ್ದ ಆ ನೀಲಿ ಬೆನ್ನು.